ಹದಿನೈದನೆಯ ಅರ್ಜಿ ಮತ್ತು ಗ್ರೀನ್‌ವಿಚ್ಚಿನ ಗಡಿಯಾರ

ಕೊಟ್ಟೂರು, ಹೊರಡುವ ಮುಂಚೆ

ನಾನು ಭೂಗೋಳದ ಮೇಷ್ಟ್ರು. ಭೂಮಿ ಹೇಗೆ ತಿರುಗುತ್ತದೆ ಎಂದು ಹದಿನೆಂಟು ವರ್ಷ ಮಕ್ಕಳಿಗೆ ನೋಟ್ಸ್ ಬರೆಸಿದ್ದೇನೆ. ಆದರೆ ನಾನು ತಿರುಗಿದ್ದೆಲ್ಲ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ಊರುಗಳ ನಡುವೆ. ವರ್ಷಕ್ಕೊಮ್ಮೆ ಉತ್ತರ ಪತ್ರಿಕೆ ತಿದ್ದಲು ಗುಲಬರ್ಗಾಕ್ಕೆ ಹೋಗಿ ಬಂದರೆ ಮನೆಯಲ್ಲಿ ಒಂದು ವಾರ ಆ ಪ್ರಯಾಣದ್ದೇ ಮಾತು. ಇಂಥ ನಾನು ತೊಂಬತ್ತರ ದಶಕದ ಕೊನೆಗೆ ಇಂಗ್ಲೆಂಡಿಗೆ ಹೋದೆ ಎಂದರೆ ಅದಕ್ಕೆ ಕಾರಣ ನನ್ನ ಯೋಗ್ಯತೆಯಲ್ಲ, ಒಂದು ಅರ್ಜಿಯಲ್ಲಿ ನಾನು ಬರೆದ ಮೂರು ಪದ.

ಒಂದು ಸೇವಾ ಸಂಸ್ಥೆಯವರು ಸಣ್ಣ ಊರುಗಳ ಕೆಲವು ಅಧ್ಯಾಪಕರನ್ನು ಅಲ್ಲಿಗೆ ಕಳಿಸುವವರಿದ್ದರು. ಯಾವ ಪದವಿಗೆ ಸೇರಬೇಕು ಎಂದು ತಿಳಿಯದ ಮಕ್ಕಳಿಗೆ ಅಲ್ಲಿಯ ವಿಶ್ವವಿದ್ಯಾಲಯಗಳು ಹೇಗೆ ದಾರಿ ತೋರಿಸುತ್ತವೆ ಎಂಬುದನ್ನು ನೋಡಿಕೊಂಡು ಬರಬೇಕಿತ್ತು. ಈಗಾಗಲೇ ಅಂಥ ಕೆಲಸ ಮಾಡುತ್ತಿರುವವರಿಗೆ ಮಾತ್ರ ಅವಕಾಶ. ನಾನು 'ಮಾರ್ಗದರ್ಶನ ಘಟಕದ ಮುಖ್ಯಸ್ಥ' ಎಂದು ಬರೆದೆ. ಅದು ಸುಳ್ಳಲ್ಲ. ನಮ್ಮ ಕಾಲೇಜಿನಲ್ಲಿ ಅಂಥದೊಂದು ಘಟಕ ಇತ್ತು. ಅದರಲ್ಲಿ ಒಂದು ಮೇಜು, ಒಂದು ಫಲಕ ಮತ್ತು ನಾನು ಇದ್ದೆವು.

ಪ್ರತಿ ಜೂನ್ ತಿಂಗಳು ಆಫೀಸಿನ ಕಿಟಕಿಯ ಪಕ್ಕ ಆ ಮೇಜು ಹಾಕಿಸಿಕೊಂಡು ಕೂರುತ್ತಿದ್ದೆ. ಹುಡುಗನೋ ಹುಡುಗಿಯೋ ಅಂಕಪಟ್ಟಿ ಹಿಡಿದು ನಿಂತಿರಬೇಕು, ತಂದೆ ಮುಂದೆ ಬಂದು ಮಾತಾಡಬೇಕು. ನಾನು ಅಂಕ ನೋಡಿ, ಊರು ಕೇಳಿ, ಕನ್ನಡಕ ಮೇಲೇರಿಸಿ, "ಬಿ.ಎ. ಹಾಕ್ರಿ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳ" ಎನ್ನುತ್ತಿದ್ದೆ. ಒಬ್ಬರ ಭವಿಷ್ಯಕ್ಕೆ ಹೆಚ್ಚೆಂದರೆ ಎರಡು ನಿಮಿಷ. ಬೇಗ ಮುಗಿಸುತ್ತೇನೆ ಎಂದು ಜನ ನನ್ನನ್ನು ಹೊಗಳುತ್ತಿದ್ದರು, ನಾನೂ ಹೊಗಳಿಕೆಯನ್ನು ಬೇಡ ಎನ್ನುತ್ತಿರಲಿಲ್ಲ.

ಇತಿಹಾಸ ಮತ್ತು ಅರ್ಥಶಾಸ್ತ್ರ ಬರೀ ಮೆರವಣಿಗೆಯ ಜನ. ಮುಖ್ಯ ದೇವರು ಭೂಗೋಳ. ಮೊದಲ ವರ್ಷಕ್ಕೆ ಹದಿನೈದು ಮಕ್ಕಳಾದರೂ ಸೇರದಿದ್ದರೆ ನನ್ನ ವಿಭಾಗ ಮುಚ್ಚುತ್ತಿತ್ತು. ಮುಚ್ಚಿದರೆ ನನ್ನನ್ನು ಎಲ್ಲಿ ಪಾಠವಿದೆಯೋ ಆ ಊರಿಗೆ ಕಳಿಸುತ್ತಿದ್ದರು. ಆಗಷ್ಟೇ ಕೊಟ್ಟೂರಿನಲ್ಲಿ ಮನೆ ಕಟ್ಟಿಸಿದ್ದೆ, ಗೋಡೆಯ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಆ ಮನೆ ಬಿಟ್ಟು ಬೇರೆ ಊರಿನಲ್ಲಿ ಬಾಡಿಗೆ ಕೋಣೆ ಹಿಡಿಯುವ ಬದಲು ನಾಲ್ಕು ಮಕ್ಕಳನ್ನು ಭೂಗೋಳಕ್ಕೆ ತಳ್ಳುವುದು ನನಗೆ ಸುಲಭವಾಗಿ ಕಂಡಿತ್ತು.

ನಾನು ಹೊರಡುವ ವಾರ ಹದಿನಾಲ್ಕು ಅರ್ಜಿ ಬಂದಿದ್ದವು. ಹದಿನೈದನೆಯದು ಕೋಗಳಿಯ ನಾಗವೇಣಿಯದು. ಅವಳ ತಂದೆ ಹನುಮಂತಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ, ಹುಬ್ಬಿನ ಮೇಲೆ ಯಾವಾಗಲೂ ಜೋಳದ ಹಿಟ್ಟು. ಹುಡುಗಿ ಪಿಯುಸಿಯಲ್ಲಿ ವಿಜ್ಞಾನ ಓದಿದ್ದಳು. ಅಂಕಪಟ್ಟಿಯಲ್ಲಿ ಗಣಿತದ ಎದುರಿಗಿದ್ದ ಅಂಕ ನೋಡಿ ಒಂದು ಕ್ಷಣ ನನ್ನ ಕೈ ತಡೆಯಿತು. ಆದರೆ ಹದಿನಾಲ್ಕು ಮತ್ತು ಒಂದು ಎಷ್ಟು ಎಂಬ ಲೆಕ್ಕ ನನಗೂ ಬರುತ್ತಿತ್ತು. ಬಿ.ಎಸ್ಸಿ. ಆದರೆ ಪ್ರಾಕ್ಟಿಕಲ್ ಮುಗಿಯುವಾಗ ಸಂಜೆಯಾಗುತ್ತದೆ, ಕೋಗಳಿಯ ಬಸ್ಸು ತಪ್ಪುತ್ತದೆ, ಹೆಣ್ಣುಮಕ್ಕಳಿಗೆ ಬಿ.ಎ. ವಾಸಿ ಎಂದು ತಂದೆಗೆ ಹೇಳಿದೆ. ಭೂಗೋಳಕ್ಕೂ ಪ್ರಾಕ್ಟಿಕಲ್ ಇದೆ ಎಂಬುದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಆಗ ಒಂದೇ ಮಾತು ಆಡಿದಳು. "ಸರ್, ನನಗ ಲೆಕ್ಕ ಬರ್ತೈತ್ರಿ."

"ಭೂಗೋಳದಾಗೂ ಲೆಕ್ಕ ಐತವಾ" ಎಂದು ಅವಳ ಅರ್ಜಿಯನ್ನು ಹದಿನಾಲ್ಕರ ಮೇಲೆ ಇಟ್ಟೆ.

ಹನುಮಂತಪ್ಪನಿಗೆ ಮಾತ್ರ ಪೂರ್ತಿ ಸಮಾಧಾನ ಆದಂತೆ ಕಾಣಲಿಲ್ಲ. ನಾನು ಇಂಗ್ಲೆಂಡಿಗೆ ಇದೇ ಕೆಲಸದ ಮೇಲೆ ಹೋಗುತ್ತಿರುವುದು ಅವನಿಗೆ ಗೊತ್ತಿತ್ತು. ಅಲ್ಲಿಯ ದೊಡ್ಡವರ ಮುಂದೆ ನಮ್ಮ ಹುಡುಗಿಯ ವಿಷಯವನ್ನೂ ಒಂದು ಮಾತು ಇಡಿ, ಅವರು ಏನು ಅನ್ನುತ್ತಾರೋ ಕೇಳಿ ಫೋನ್ ಮಾಡಿ ಎಂದ. ಇಂಗ್ಲೆಂಡಿನಿಂದ ಕೊಟ್ಟೂರಿಗೆ ಫೋನ್ ಬರುವುದು, ಅದೂ ಬಸ್‌ಸ್ಟ್ಯಾಂಡಿನ ಮುಂದಿನ ಕೊಟ್ರೇಶಿಯ ಎಸ್‌ಟಿಡಿ ಬೂತಿಗೆ, ಅದೂ ನಾನು ಮಾಡುವುದು! ಒಪ್ಪದೆ ಇರಲು ನಾನೇನು ಸನ್ಯಾಸಿಯೇ? ಅರ್ಜಿ ಬದಲಿಸಲು ಶನಿವಾರ ಕೊನೆಯ ದಿನ. ನಾನು ಊರು ಮುಟ್ಟುವುದು ಭಾನುವಾರ. ಹಾಗಾಗಿ ಗುರುವಾರ ಸಂಜೆ ಐದಕ್ಕೆ ಅಪ್ಪ ಮಗಳು ಬೂತಿನಲ್ಲಿ ಕಾಯುವುದು ಎಂದಾಯಿತು.

ಭಾರತದ ಸಮಯ ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ನಾನು ನಿದ್ದೆಯಲ್ಲೂ ಬರೆಸಬಲ್ಲ ವಾಕ್ಯ ಅದು. ಡೈರಿಯಲ್ಲಿ ಬರೆದುಕೊಂಡೆ: ಗುರುವಾರ, 11.30, ಕೊಟ್ಟೂರು. ಅದರ ಕೆಳಗೆ: 12.00, ರೈಲು, ಗ್ರೀನ್‌ವಿಚ್. ಲಂಡನ್ನಿನ ಅಂಚಿನ ಆ ಊರಿನ ವೀಕ್ಷಣಾಲಯದಲ್ಲಿ ನೆಲದ ಮೇಲೆ ಸೊನ್ನೆ ರೇಖಾಂಶದ ಗೆರೆ ಎಳೆದಿದ್ದಾರೆ. ಅದರ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಂಡು ಬಂದು ತರಗತಿಯಲ್ಲಿ ತೂಗು ಹಾಕುವುದು ನನ್ನ ಹದಿನೆಂಟು ವರ್ಷದ ಆಸೆ. ಗುರುವಾರ ಮಧ್ಯಾಹ್ನ ಬಿಟ್ಟರೆ ಅದಕ್ಕೆ ಬೇರೆ ವೇಳೆ ಇರಲಿಲ್ಲ, ಶುಕ್ರವಾರ ಬೆಳಿಗ್ಗೆಯೇ ವಾಪಸ್ ವಿಮಾನ.

ಭಾನುವಾರ

ಇಳಿಯುವ ಮುಂಚೆ ವಿಮಾನದವರು ಅಲ್ಲಿಯ ಸಮಯ ಹೇಳಿದರು. ನನ್ನ ಲೆಕ್ಕಕ್ಕಿಂತ ಒಂದು ಗಂಟೆ ಹೆಚ್ಚು ಹೇಳಿದರು. ಪಾಪ, ಹಾರುವ ಕೆಲಸದಲ್ಲಿ ಭೂಗೋಳ ಮರೆತಿದ್ದಾರೆ ಎಂದುಕೊಂಡು ನನ್ನ ಗಡಿಯಾರವನ್ನು ಐದೂವರೆ ಗಂಟೆ ಹಿಂದೆ ತಿರುಗಿಸಿದೆ.

ನನ್ನನ್ನು ತಮ್ಮ ಮನೆಯಲ್ಲಿ ಇಳಿಸಿಕೊಂಡವರು ಉತ್ತರ ಇಂಗ್ಲೆಂಡಿನ ಒಂದು ಊರಿನ ಡೆನ್ನಿಸ್ ಎಂಬ ನಿವೃತ್ತ ಅಂಚೆ ನೌಕರರು. ಒಂಟಿ ಮನುಷ್ಯ, ಮಾತು ಕಡಿಮೆ, ಬಟಾಣಿ ಜಾಸ್ತಿ. ಮೂರು ಹೊತ್ತೂ ಬಟಾಣಿ ಬೇಯಿಸುತ್ತಿದ್ದರು. ನಾನು ಕಟ್ಟಿಕೊಂಡು ಹೋಗಿದ್ದ ಗುರೆಳ್ಳು ಚಟ್ನಿಪುಡಿಯನ್ನು ಕಾಣಿಕೆಯೆಂದು ಕೊಟ್ಟೆ. ಅವರು ಅದನ್ನು ಮೂಸಿ ನೋಡಿ, ತುಂಬ ಸಂತೋಷ ಎಂದು ಹೇಳಿ, ಹಿತ್ತಲಿನ ಗುಲಾಬಿ ಗಿಡದ ಬುಡಕ್ಕೆ ಹಾಕುವುದೋ ಎಂದು ವಿನಯದಿಂದ ಕೇಳಿದರು. ಬಟಾಣಿಯ ಮೇಲೆ ಉದುರಿಸಿ ತೋರಿಸಿದೆ. ಅಂದಿನಿಂದ ಬಟಾಣಿ ಬೇಯಿಸಿದಾಗಲೆಲ್ಲ ಆ ಪುಡಿಯ ಡಬ್ಬಿ ಮೊದಲು ಅವರ ಕೈಯಲ್ಲಿರುತ್ತಿತ್ತು, ನನಗೆ ಸಿಗುವುದು ಕಷ್ಟವಾಯಿತು.

ಸೋಮವಾರ

ಹತ್ತು ಗಂಟೆಗೆ ವಿಶ್ವವಿದ್ಯಾಲಯದ ಮಾರ್ಗದರ್ಶನ ವಿಭಾಗದಲ್ಲಿ ನನಗೆ ಸ್ವಾಗತವಿತ್ತು. ಡೆನ್ನಿಸ್ ಬೆಳಿಗ್ಗೆಯೇ ತಮ್ಮ ತರಕಾರಿ ತೋಟಕ್ಕೆ ಹೋಗಿದ್ದರು. ನಾನು ಸಮಯಕ್ಕೆ ಮೊದಲೇ ಹೋಗಿ ನಮ್ಮ ದೇಶದ ಮರ್ಯಾದೆ ಉಳಿಸಬೇಕೆಂದು ಕೋಟು ಹಾಕಿಕೊಂಡು ನಡೆದೆ. ಹತ್ತಕ್ಕೆ ಹತ್ತು ನಿಮಿಷವಿರುವಾಗ ಬಾಗಿಲು ತಳ್ಳಿದೆ. ಒಳಗೆ ಸ್ವಾಗತಕಾರಿಣಿ ಒಬ್ಬಳೇ ಇದ್ದಳು. ಮೇಜಿನ ಮೇಲೆ ಖಾಲಿ ಕಪ್ಪುಗಳು, ತಟ್ಟೆಯಲ್ಲಿ ಬಿಸ್ಕತ್ತಿನ ಪುಡಿ. ಗೋಡೆಯ ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

ಅವಳಿಗೆ ನೋವಾಗದಂತೆ ಮೆಲ್ಲಗೆ ಹೇಳಿದೆ, ನಿಮ್ಮ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತಿದೆ ಎಂದು.

"ಹೌದು, ಮಾರ್ಚ್ ತಿಂಗಳಿನಿಂದ" ಎಂದಳು.

ಬೇಸಿಗೆ ಬಂದರೆ ಆ ದೇಶದವರು ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರಂತೆ. ಹೊತ್ತು ಮುಳುಗುವುದು ತಡವಾಗಲಿ ಎಂದು ಇಡೀ ದೇಶವೇ ಸೇರಿ ಮಾಡಿಕೊಂಡ ಏರ್ಪಾಡು. ನಾನು ಹದಿನೆಂಟು ವರ್ಷ ಬರೆಸಿದ ನೋಟ್ಸಿನಲ್ಲಿ ಅದು ಇರಲಿಲ್ಲ, ಏಕೆಂದರೆ ನನಗೆ ಬರೆಸಿದ ಮೇಷ್ಟ್ರ ನೋಟ್ಸಿನಲ್ಲೂ ಇರಲಿಲ್ಲ. ಏಳು ಜನ ಕೋಟು ಟೈ ಧರಿಸಿ ನನಗಾಗಿ ಮುಕ್ಕಾಲು ಗಂಟೆ ಕಾದು, ಚಹಾ ಕುಡಿದು ಹೋಗಿದ್ದರು. ಅಲ್ಲೇ ನಿಂತು ಗಡಿಯಾರ ಸರಿಮಾಡಿಕೊಂಡೆ. ಡೈರಿಯಲ್ಲಿ ಕೊಟ್ಟೂರಿನಿಂದ ಬರೆದುಕೊಂಡು ಬಂದದ್ದನ್ನು ಸರಿಮಾಡಬೇಕೆಂದು ಹೊಳೆಯಲಿಲ್ಲ.

ಮಂಗಳವಾರ

ನನ್ನನ್ನು ಬ್ರೆಂಡಾ ಎಂಬ ಹೆಂಗಸಿನ ಜೊತೆ ಕೂರಿಸಿದರು. ಐವತ್ತರ ಆಸುಪಾಸಿನ ವಯಸ್ಸು, ಮೊಣಕೈ ಸವೆದ ಸ್ವೆಟರ್. ಯಾವ ಪದವಿ ಓದಲಿ ಎಂದು ತಿಳಿಯದೆ ಬರುವ ಮಕ್ಕಳ ಜೊತೆ ಮಾತಾಡುವುದು ಇಪ್ಪತ್ತು ವರ್ಷದಿಂದ ಅವರ ಕೆಲಸ. ಅವರ ಕೋಣೆಯಲ್ಲಿ ಮೇಜೇ ಇರಲಿಲ್ಲ. ಒಂದೇ ಎತ್ತರದ ಮೂರು ಕುರ್ಚಿ ಮತ್ತು ಕಾಗದದ ಕರವಸ್ತ್ರದ ಒಂದು ಡಬ್ಬಿ ಇದ್ದವು. ಮೇಜಿಲ್ಲದೆ ಮಾರ್ಗದರ್ಶನ ಹೇಗೆ ಎಂದು ನನಗೆ ಮೊದಲೇ ಅನುಮಾನ ಬಂತು. ಕೈ ಎಲ್ಲಿಡುವುದು?

ಮೊದಲು ಬಂದವನು ಉದ್ದ ಕೂದಲಿನ ಹುಡುಗ. ತಂದೆ ಬಂದಿರಲಿಲ್ಲ. ಬ್ರೆಂಡಾ ಅವನನ್ನು, ನಿನಗೆ ಏನು ಮಾಡುವಾಗ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ ಎಂದು ಕೇಳಿದರು. ಕೇಳಿ ಸುಮ್ಮನಾದರು. ಹುಡುಗನೂ ಸುಮ್ಮನಿದ್ದ. ನಾನು ಕಾದೆ. ಗೋಡೆಯ ಗಡಿಯಾರದ ಟಿಕ್ ಟಿಕ್ ಕೇಳಿಸುತ್ತಿತ್ತು. ನಮ್ಮ ಕಡೆ ಇಬ್ಬರು ಇಷ್ಟು ಹೊತ್ತು ಮಾತಿಲ್ಲದೆ ಎದುರುಬದುರು ಕೂತರೆ ಮೂರನೆಯವನು ಬಂದು ರಾಜಿ ಮಾಡಿಸುತ್ತಾನೆ. ನಾನಂತೂ ಬೆನ್ನು ಬೆವೆತು, ಎರಡು ಸಲ ಕೆಮ್ಮಿ, ಮೂರನೆಯ ಸಲ ಬಾಯಿ ತೆರೆದೆ. ಬ್ರೆಂಡಾ ನನ್ನತ್ತ ನೋಡದೆಯೇ ಒಂದು ಬೆರಳು ಎತ್ತಿದರು. ನಾನು ಬಾಯಿ ಮುಚ್ಚಿದೆ.

ಕೊನೆಗೆ ಹುಡುಗ, ತನಗೆ ಹಳೆಯ ಮರದ ಕುರ್ಚಿ ಬಿಚ್ಚಿ ಮತ್ತೆ ಜೋಡಿಸುವುದು ಇಷ್ಟ ಎಂದ. ಅಲ್ಲಿಂದ ಮಾತು ಬೆಳೆಯಿತು. ಮುಕ್ಕಾಲು ಗಂಟೆಯ ಮೇಲೆ ಬ್ರೆಂಡಾ ಅವನ ಕೈಗೆ ಒಂದು ವಿಳಾಸ ಕೊಟ್ಟರು. ಅದು ಬೇರೆ ಊರಿನ ಬೇರೆ ಕಾಲೇಜಿನದು. ಬಾಗಿಲಿಗೆ ಬಂದ ವಿದ್ಯಾರ್ಥಿಯನ್ನು ಕೈಯಾರೆ ಇನ್ನೊಬ್ಬರ ಬಾಗಿಲಿಗೆ ಕಳಿಸಿದ್ದರು! ಹೀಗೆ ಮಾಡಿದರೆ ನಿಮ್ಮ ವಿಭಾಗ ಮುಚ್ಚುವುದಿಲ್ಲವೇ ಎಂದು ಕೇಳಿದೆ. ಒಮ್ಮೊಮ್ಮೆ ಮುಚ್ಚುತ್ತದೆ, ಅದು ಆ ಹುಡುಗನ ತಪ್ಪಲ್ಲವಲ್ಲ ಎಂದರು. ಈ ಹೆಂಗಸಿಗೆ ಸಂಸಾರವಿಲ್ಲ, ಸ್ವಂತ ಮನೆ ಇರಲಿಕ್ಕಿಲ್ಲ ಎಂದು ನಾನು ತೀರ್ಮಾನಿಸಿದೆ. ಅವರಿಗೆ ಮೂವರು ಮಕ್ಕಳು ಮತ್ತು ಎರಡಂತಸ್ತಿನ ಮನೆ ಇರುವುದು ಸಂಜೆ, ಆ ಬೀದಿಗೆ ಹಿಂದೆ ಕಾಗದ ಹಂಚುತ್ತಿದ್ದ ಡೆನ್ನಿಸ್‌ರಿಂದ ಗೊತ್ತಾಯಿತು.

ಬುಧವಾರ

ಆ ದಿನ ಮುಂದೆ ಸೇರುವ ಮಕ್ಕಳು ತಂದೆತಾಯಿಯರ ಜೊತೆ ಬಂದು ಇಡೀ ವಿಶ್ವವಿದ್ಯಾಲಯವನ್ನು ನೋಡಿಹೋಗುವ ದಿನ. ಪ್ರತಿ ವಿಭಾಗದವರೂ ಬಾಗಿಲು ತೆರೆದು ಕೂತಿದ್ದರು. ದೊಡ್ಡ ಸಭಾಂಗಣದಲ್ಲಿ ಭಾಷಣವಿತ್ತು. ಜನ ಕಂಡು ನನಗೆ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ನೆನಪಾಗಿ, ಮುಂದಿನ ಸಾಲಿನ ಒಂದು ಕುರ್ಚಿಯ ಮೇಲೆ ಕರ್ಚೀಫು ಹಾಸಿ ಚಹಾ ಕುಡಿಯಲು ಹೊರಗೆ ಹೋದೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಒಂದು ಟವೆಲ್ ಒಳಗೆ ಎಸೆದರೆ ಆ ಸೀಟನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿ ಎರಡು ನಿಮಿಷದೊಳಗೆ ಒಬ್ಬ ಮುದುಕಿ ಏದುಸಿರು ಬಿಡುತ್ತ ನನ್ನ ಹಿಂದೆ ಓಡಿ ಬಂದು, ನೀವು ಇದನ್ನು ಬಿಟ್ಟುಬಂದಿರಿ ಎಂದು ಕರ್ಚೀಫು ಕೈಗಿತ್ತಳು. ಕೃತಜ್ಞತೆ ಹೇಳಿ, ಒಳಗೆ ಹೋಗಿ ಮತ್ತೆ ಹಾಸಿ ಬಂದೆ. ಈ ಸಲ ಬೇರೊಬ್ಬರು ಅದನ್ನು ಕಳೆದುಹೋದ ವಸ್ತುಗಳ ಕಚೇರಿಗೆ ಕೊಟ್ಟಿದ್ದರು. ಭಾಷಣವನ್ನು ನಿಂತುಕೊಂಡೇ ಕೇಳಿದೆ.

ಮಧ್ಯಾಹ್ನ ಬ್ರೆಂಡಾ ಚಹಾ ತರಲು ಹೋದರು. ಕೋಣೆಯಲ್ಲಿ ನಾನೊಬ್ಬನೇ. ಆಗ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಳು. ನನ್ನ ಕೋಟು ನೋಡಿ ನಾನೇ ಇಲ್ಲಿಯವನು ಎಂದುಕೊಂಡಳು. ನಾನೂ ಹಾಗೆಯೇ ಎಂದುಕೊಂಡೆ. ಹುಡುಗನಿಗೆ ದೋಣಿ ಎಂದರೆ ಪ್ರಾಣ, ಕಾಗದದ ಮೇಲೆ ಯಾವಾಗಲೂ ದೋಣಿ ಬರೆಯುತ್ತಾನೆ ಎಂದು ತಾಯಿ ಹೇಳಿದಳು. ನಾನು ಕನ್ನಡಕ ಮೇಲೇರಿಸಿದೆ. ದೋಣಿ ಎಂದರೆ ನದಿ, ನದಿ ಎಂದರೆ ಭೂಗೋಳ. ಎರಡು ನಿಮಿಷ ಪೂರ್ತಿ ಹಿಡಿಯಲಿಲ್ಲ. ಭೂಗೋಳ ವಿಭಾಗಕ್ಕೆ ಹೋಗುವ ದಾರಿಯನ್ನೂ ತೋರಿಸಿದೆ, ಅದೂ ತಪ್ಪು ದಾರಿ. ಅವರು ಅಡುಗೆಮನೆಯ ಕಡೆಗೆ ಹೊರಟದ್ದನ್ನು ಎದುರಿಗೆ ಬಂದ ಬ್ರೆಂಡಾ ಕಂಡು ವಾಪಸ್ ಕರೆತಂದರು. ಹುಡುಗನನ್ನು ಅರ್ಧ ಗಂಟೆ ಮಾತಾಡಿಸಿದರು. ಅವನಿಗೆ ನದಿ ಬೇಕಿರಲಿಲ್ಲ. ದೋಣಿಯ ಆಕಾರ, ಅದನ್ನು ಕಟ್ಟುವ ಬಗೆ ಬೇಕಿತ್ತು.

ಅವರು ಹೋದ ಮೇಲೆ ಬ್ರೆಂಡಾ ನನ್ನ ಎದುರಿಗೆ ಕುಳಿತರು.

"ನೀವು ಊರಿನಲ್ಲಿ ಕಲಿಸುವ ವಿಷಯ ಯಾವುದು?"

"ಭೂಗೋಳ" ಎಂದೆ.

ಅವರು ಚಹಾದ ಕಪ್ಪು ಹಿಡಿದು ಸುಮ್ಮನೆ ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ನಾನು ಹವೆಯ ಬಗ್ಗೆ ಒಂದು ಮಾತು ಆಡಿದೆ, ಅದು ಅಲ್ಲೇ ಸತ್ತುಹೋಯಿತು. ಆಮೇಲೆ ಏನಾಯಿತೋ, ನಾನು ಮಾತಾಡುತ್ತಲೇ ಹೋದೆ. ಹದಿನೈದು ಮಕ್ಕಳ ನಿಯಮ ಹೇಳಿದೆ, ಹೊಸ ಮನೆ ಹೇಳಿದೆ, ನಾಗವೇಣಿಯ ಗಣಿತದ ಅಂಕ ಹೇಳಿದೆ, ಬಸ್ಸಿನ ನೆಪ ಹೇಳಿದೆ. ಇಷ್ಟು ವರ್ಷದಲ್ಲಿ ಹೀಗೆ ಎಷ್ಟು ಮಕ್ಕಳಿಗೆ ಮಾಡಿದ್ದೇನೆ ಎಂದು ಯಾವತ್ತೂ ಎಣಿಸಿರಲಿಲ್ಲ, ಅಲ್ಲಿ ಕೂತು ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ನನಗೆ ನಾಚಿಕೆಯಾಯಿತು. ಕಾಗದದ ಕರವಸ್ತ್ರದ ಡಬ್ಬಿ ಆ ಕೋಣೆಯಲ್ಲಿ ಏಕಿದೆ ಎಂಬುದು ಆಗ ತಿಳಿಯಿತು.

ಈಗ ಆ ಹುಡುಗಿಗೆ ಏನು ಹೇಳಲಿ, ಅವಳ ತಂದೆ ನಿಮ್ಮ ಅಭಿಪ್ರಾಯ ಕೇಳಿದ್ದಾನೆ ಎಂದೆ.

"ನಾನು ಅವಳನ್ನು ನೋಡಿಲ್ಲ. ಅವಳನ್ನೇ ಕೇಳಿ" ಎಂದರು ಬ್ರೆಂಡಾ. "ಕೇಳಿದ ಮೇಲೆ ಅವಳು ಹೇಳುವ ತನಕ ಬಾಯಿ ತೆರೆಯಬೇಡಿ. ನಿಮಗೆ ಕಷ್ಟ, ಗೊತ್ತು."

ಗುರುವಾರ

ಪೆಟ್ಟಿಗೆ ಕಟ್ಟಿಕೊಂಡು ಡೆನ್ನಿಸ್ ಜೊತೆ ರೈಲು ನಿಲ್ದಾಣಕ್ಕೆ ಬಂದೆ. ಅಲ್ಲಿಯ ಫೋನ್ ಡಬ್ಬಿಯೊಳಗೆ ನಿಂತು, ಮೊದಲೇ ಹಣ ತುಂಬಿದ ಫೋನ್ ಕಾರ್ಡ್ ತೂರಿಸಿ, ಸರಿಯಾಗಿ ಹನ್ನೊಂದೂವರೆಗೆ ಕೊಟ್ಟೂರಿನ ನಂಬರು ಒತ್ತಿದೆ. ಕೊಟ್ರೇಶಿ ಎತ್ತಿಕೊಂಡ. ಅವನ ಹಿಂದೆ ಹರಪನಹಳ್ಳಿ ಬಸ್ಸಿನ ಕಂಡಕ್ಟರ್ ಕೂಗುವುದು ಕೇಳಿಸಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ.

ಹನುಮಂತಪ್ಪ ಎಲ್ಲಿ ಎಂದೆ.

"ಅವ್ರು ಐದಕ್ಕ ಬರ್ತಾರಲ್ರಿ ಸರ್. ಈಗ ಇನ್ನಾ ನಾಲ್ಕು."

ನಾಲ್ಕು ಹೇಗೆ, ಐದಾಗಿರಬೇಕು ಎಂದು ವಾದಿಸಿದೆ. ಇಂಗ್ಲೆಂಡಿನಿಂದ ಕೊಟ್ಟೂರಿನ ಗಡಿಯಾರ ತಿದ್ದಲು ಹೊರಟವನು ನಾನೊಬ್ಬನೇ ಇರಬೇಕು. ಕೊಟ್ರೇಶಿ ತಾಳ್ಮೆಯಿಂದ, ಬೇಕಾದರೆ ಕಂಡಕ್ಟರನಿಂದ ಹೇಳಿಸುತ್ತೇನೆ ಎಂದ. ಆಗ ಮಾರ್ಚ್ ತಿಂಗಳ ಆ ಒಂದು ಗಂಟೆ ಡೈರಿಯೊಳಗೆ ಹಾಗೆಯೇ ಕೂತಿದ್ದದ್ದು ಹೊಳೆಯಿತು. ಮತ್ತೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.

ಕೊಟ್ಟೂರಿನಲ್ಲಿ ಐದಾಗುವಾಗ ಇಲ್ಲಿ ಹನ್ನೆರಡೂವರೆ. ರೈಲು ಹನ್ನೆರಡಕ್ಕೆ. ಅದು ತಪ್ಪಿದರೆ ಮುಂದಿನ ರೈಲು ಲಂಡನ್ ಸೇರುವಷ್ಟರಲ್ಲಿ ಗ್ರೀನ್‌ವಿಚ್ಚಿನ ಬಾಗಿಲು ಮುಚ್ಚಿರುತ್ತದೆ. ಊರಿಗೆ ಹೋಗಿ, ಲೈನ್ ಸಿಗಲಿಲ್ಲ ಎಂದರೆ ಯಾರೂ ಅನುಮಾನಿಸುವುದಿಲ್ಲ. ಹುಡುಗಿಯ ಅರ್ಜಿ ಭೂಗೋಳದಲ್ಲೇ ಉಳಿಯುತ್ತದೆ, ನಾನು ಹೊಸ ಮನೆಯಲ್ಲೇ ಉಳಿಯುತ್ತೇನೆ, ಗೋಡೆಗೆ ಫೋಟೋವೂ ಸಿಗುತ್ತದೆ. ಇಷ್ಟನ್ನೂ ನಾನು ಯೋಚಿಸಿದೆ. ಒಳ್ಳೆಯವನಂತೆ ಬರೆದುಕೊಳ್ಳಲು ಮನಸ್ಸಿದೆ, ಆದರೆ ಯೋಚಿಸಿದ್ದು ನಿಜ. ರೈಲಿನ ಬಾಗಿಲಿನವರೆಗೂ ಹೋದೆ. ಪೆಟ್ಟಿಗೆಯನ್ನು ಒಳಗೆ ಇಟ್ಟೂಬಿಟ್ಟೆ.

ಇದೇ ಹೊತ್ತಿಗೆ ಅಪ್ಪ ಮಗಳು ಕೋಗಳಿಯ ಬಸ್ಸಿನಲ್ಲಿ ಕೂತಿರುತ್ತಾರೆ ಎಂಬುದು ನೆನಪಾಯಿತು. ನನ್ನ ಒಂದು ಮಾತಿಗಾಗಿ ಅವನು ಗಿರಣಿ ಬಂದ್ ಮಾಡಿ ಬರುತ್ತಿದ್ದಾನೆ. ನನಗ ಲೆಕ್ಕ ಬರ್ತೈತ್ರಿ ಎಂದ ಹುಡುಗಿಯ ದನಿ ಕಿವಿಯಲ್ಲಿತ್ತು. ಪೆಟ್ಟಿಗೆ ಇಳಿಸಿಕೊಂಡೆ. ರೈಲು ಹೋಗುವುದನ್ನು ನಾನೂ ಡೆನ್ನಿಸ್‌ರೂ ನೋಡಿದೆವು. ಗ್ರೀನ್‌ವಿಚ್ ಸಮಯವನ್ನು ನಂಬಿ ಗ್ರೀನ್‌ವಿಚ್ ಕಳೆದುಕೊಂಡ ಭೂಗೋಳದ ಮೇಷ್ಟ್ರು ನಾನು. ಡೆನ್ನಿಸ್ ಏನೂ ಕೇಳದೆ ಚೀಲದಿಂದ ಬಟಾಣಿಯ ಡಬ್ಬಿ ತೆಗೆದು ಮುಂದೆ ಹಿಡಿದರು.

ಹನ್ನೆರಡೂವರೆಗೆ ಮತ್ತೆ ಒತ್ತಿದೆ. ಹನುಮಂತಪ್ಪ ಇಂಗ್ಲೆಂಡಿನ ದೂರಕ್ಕೆ ತಕ್ಕಂತೆ ಕೂಗಿ ಮಾತಾಡಿದ. ಆರೋಗ್ಯ ಕೇಳಿದ, ಮಳೆ ಕೇಳಿದ, ಊಟ ಕೇಳಿದ. ಆಮೇಲೆ, "ಸರ್, ನಮ್ಮ ಹುಡುಗಿ ಬಗ್ಗಿ ಅಲ್ಲಿಯವ್ರು ಏನಂದ್ರು?"

"ಆಕೀನ್ನ ಕೇಳ್ರಿ ಅಂದ್ರು."

ಹನುಮಂತಪ್ಪ ದನಿ ಇಳಿಸಿದ. "ಅದನ್ನ ಹೇಳಿಸಿಕೊಳ್ಳಾಕ ಅಷ್ಟು ದೂರ ಹೋಗಬೇಕಿತ್ತೇನ್ರಿ?"

ಅವನು ಕುಹಕಕ್ಕೆ ಕೇಳಲಿಲ್ಲ, ನಿಜವಾಗಿಯೂ ಕೇಳಿದ. ಇದ್ದದ್ದನ್ನು ಹೇಳಿಬಿಟ್ಟೆ. "ಹನುಮಂತಪ್ಪ, ಭೂಗೋಳಕ್ಕ ಒಬ್ಬರು ಕಡಿಮಿ ಬಿದ್ದಿದ್ರು. ಅದಕ್ಕ ನಿನ್ನ ಮಗಳಿಗೆ ಬಿ.ಎ. ಅಂದೆ. ನನ್ನ ಸಲುವಾಗಿ ಅಂದೆ. ತಪ್ಪಾತು."

"ಅದು ಗೊತ್ತೈತಿ ಬಿಡ್ರಿ ಸರ್" ಎಂದ. "ಎಲ್ಲಾರಿಗೂ ಗೊತ್ತೈತಿ. ಮನಿ ಕಟ್ಟಿಸೀರಿ, ನೀವರ ಏನು ಮಾಡ್ತೀರಿ. ನಿಮ್ಮ ಬಾಯಾಗ ಇನ್ನೊಂದು ಮಾತು ಬರ್ತೈತೇನೋ ಅಂತ ಫೋನಿಗೆ ಕುಂತಿದ್ವಿ."

ಹದಿನೆಂಟು ವರ್ಷ ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದನ್ನು ಐದೂ ಊರಿನವರು ತಿಳಿದೂ ಹೊಟ್ಟೆಯಲ್ಲಿ ಹಾಕಿಕೊಂಡಿದ್ದರು. ಫೋನ್ ಡಬ್ಬಿಯ ಗಾಜಿಗೆ ಹಣೆ ಒತ್ತಿ ನಿಂತೆ. ಮಗಳ ಕೈಗೆ ಕೊಡು ಎಂದೆ.

"ನಾಗವೇಣಿ, ನಿನಗ ಏನು ಓದಬೇಕು ಅನಸ್ತೈತಿ?"

ಕೇಳಿ ಸುಮ್ಮನಾದೆ. ಅವಳೂ ಸುಮ್ಮನಿದ್ದಳು. ಕಾರ್ಡಿನ ಅಂಕಿ ಇಳಿಯುತ್ತಿತ್ತು. ಆ ಕಡೆಯಿಂದ ಕೊಟ್ರೇಶಿ, "ಲಗೂನ ಹೇಳವಾ, ಸರ್‌ದು ಅಲ್ಲಿ ಮೀಟರ್ ಓಡಾಕತ್ತೈತಿ" ಎನ್ನುವುದು ಕೇಳಿಸಿತು. ಬಿ.ಎಸ್ಸಿ. ತಾನೇ ಎಂದು ನಾನೇ ಹೇಳಿಬಿಡಲು ನಾಲಿಗೆ ತುರಿಸಿತು. ಬ್ರೆಂಡಾರ ಬೆರಳು ನೆನಪು ಮಾಡಿಕೊಂಡು ತುಟಿ ಕಚ್ಚಿ ಹಿಡಿದೆ.

"ಆವತ್ತ ಹೇಳಿದ್ನಲ್ರಿ ಸರ್" ಎಂದಳು ಕೊನೆಗೆ. "ನನಗ ಲೆಕ್ಕ ಬರ್ತೈತಿ. ಬಿ.ಎಸ್ಸಿ. ಮಾಡ್ತೀನ್ರಿ. ಪ್ರಾಕ್ಟಿಕಲ್ ವಾರಕ್ಕ ಎರಡು ದಿನ, ಆ ಎರಡು ದಿನ ಕೊಟ್ಟೂರಾಗ ನಮ್ಮ ಅತ್ತಿ ಮನ್ಯಾಗ ಇರ್ತೀನಿ. ಆಕಿನ್ನ ಕೇಳೀನಿ."

ಬಸ್ಸಿನ ಪ್ರಶ್ನೆಗೆ ಅವಳ ಹತ್ತಿರ ಉತ್ತರವಿತ್ತು. ಆ ದಿನ ಮೇಜಿನ ಹತ್ತಿರ ನಾನು ಕೇಳಿದ್ದರೆ ಅಲ್ಲೇ ಹೇಳುತ್ತಿದ್ದಳು. ನಾಳೆಯೇ ಆಫೀಸಿಗೆ ಹೋಗಿ ಅರ್ಜಿ ಬದಲಿಸು, ನಾನು ಹೇಳಿದೆ ಎನ್ನು ಎಂದೆ.

"ಸರ್, ಒಂದು ಕೇಳ್ಲೇನ್ರಿ? ನೀವು ಒಂದು ತಾಸು ಮುಂಚೆ ಫೋನ್ ಮಾಡಿದ್ರಂತ. ಅಂದ್ರ ಅಲ್ಲಿಗೂ ಇಲ್ಲಿಗೂ ನಾಲ್ಕೂವರಿ ತಾಸು ಫರಕ್ ಇರಬೇಕು. ನೀವು ಕ್ಲಾಸಿನ್ಯಾಗ ಐದೂವರಿ ಬರಸ್ತೀರಂತಲ್ರಿ?"

ನಾನು ಉತ್ತರ ಹೇಳುವುದರೊಳಗೆ ಕಾರ್ಡ್ ಮುಗಿಯಿತು. ಆ ಕಾರ್ಡಿಗೆ ನಾನು ಇವತ್ತಿಗೂ ಋಣಿ.

ಮತ್ತೆ ಕೊಟ್ಟೂರು

ಆ ವರ್ಷ ಭೂಗೋಳಕ್ಕೆ ಹದಿನಾಲ್ಕೇ ಮಕ್ಕಳು. ಅವರನ್ನು ಬೇರೆ ವಿಷಯಕ್ಕೆ ಹಂಚಿದರು. ನನ್ನನ್ನು ವಾರಕ್ಕೆ ನಾಲ್ಕು ದಿನ ಹಡಗಲಿಗೆ ಹಾಕಿದರು, ಉಳಿದ ಎರಡು ದಿನ ಕೊಟ್ಟೂರಿನ ಹಿರಿಯ ತರಗತಿಗಳಿಗೆ. ಸೋಮವಾರ ನಸುಕಿನ ಬಸ್ಸಿಗೆ ಹೋಗಿ ಗುರುವಾರ ಸಂಜೆ ಮರಳುವುದು. ನನ್ನ ಹೆಂಡತಿ ನನ್ನನ್ನು ಇಂಗ್ಲೆಂಡಿಗೆ ಕಳಿಸಿದ್ದೇ ತಪ್ಪಾಯಿತು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಬಾಡಿಗೆ ಕೋಣೆಯಲ್ಲಿ ನಾನೂ ಕೆಲವು ಸಲ ಹಾಗೆಯೇ ಅಂದುಕೊಂಡೆ. ಕಂಡವರೆಲ್ಲ ಗ್ರೀನ್‌ವಿಚ್ ನೋಡಿದಿರಾ ಎಂದು ಕೇಳುತ್ತಿದ್ದರು. ಬಾಗಿಲು ಹಾಕಿತ್ತು ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ನೋಟ್ಸಿನಲ್ಲಿ ಮಾತ್ರ, ಬೇಸಿಗೆಯಲ್ಲಿ ನಾಲ್ಕೂವರೆ, ಎಂದು ಒಂದು ಸಾಲು ಸೇರಿಸಿದೆ.

ಮಾರ್ಗದರ್ಶನ ಘಟಕ ನನ್ನ ಹೆಸರಿನಲ್ಲೇ ಉಳಿಯಿತು. ಮರುವರ್ಷ ಜೂನ್ ತಿಂಗಳು ಮೇಜು ತೆಗೆಸಿ ಮೂರು ಕುರ್ಚಿ ಹಾಕಿಸಿದೆ. ಮೇಷ್ಟ್ರಿಗೆ ಫಾರಿನ್ ಗಾಳಿ ಬಡಿದಿದೆ ಎಂದು ಜವಾನ ಗೊಣಗಿದ. ಮೊದಲು ಎರಡು ನಿಮಿಷಕ್ಕೊಬ್ಬರಂತೆ ಕರಗುತ್ತಿದ್ದ ಸಾಲು ಈಗ ಬಾಗಿಲು ದಾಟಿ ಬೇವಿನ ಮರದವರೆಗೆ ಬೆಳೆಯಿತು. ತಂದೆಯರು ಬೈದುಕೊಂಡರು.

ಒಂದು ಶುಕ್ರವಾರ ನಾಗವೇಣಿ ಬಂದಳು. ಬಿ.ಎಸ್ಸಿ. ಮೊದಲ ವರ್ಷ ಮುಗಿಸಿದ್ದಳು. ಜೊತೆಗೆ ಚಿಕ್ಕಪ್ಪನ ಮಗಳು ಗೌರಮ್ಮ, ಆಗಷ್ಟೇ ಪಿಯುಸಿ ಪಾಸಾದವಳು. ಅವಳನ್ನು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿ ನಾಗವೇಣಿ ಹೇಳಿದಳು: "ಸರ್, ಈಕಿಗೆ ಏನು ಬೇಕು ಕೇಳ್ರಿ. ಕೇಳಿ ಸುಮ್ಮಕಿರ್ರಿ."

ಕೇಳಿದೆ. ಸುಮ್ಮನಿದ್ದೆ. ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು, ನಾನಲ್ಲ. ಗೌರಮ್ಮ ದಾವಣಿಯ ಅಂಚು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಎಷ್ಟೋ ಹೊತ್ತಿನ ಮೇಲೆ, ಊರ ಹಿಂದಿನ ಗುಡ್ಡ ಹೆಂಗಾತು, ಹಳ್ಳ ಎಲ್ಲಿಂದ ಬಂತು ಅನ್ನುವುದು ತಿಳಿಯಬೇಕು, ಭೂಗೋಳ ಓದಬೇಕು ಎಂದಳು.

ನನ್ನ ಕೈ ತಾನಾಗಿ ಕನ್ನಡಕದ ಕಡೆಗೆ ಹೋಯಿತು. ಹದಿನೆಂಟು ವರ್ಷದಲ್ಲಿ ಯಾರೂ ಕೇಳದಿದ್ದರೂ ನಾನು ಹಂಚಿದ್ದನ್ನು ಈಗ ಒಬ್ಬಳು ಬಾಯಿ ಬಿಟ್ಟು ಕೇಳಿದ್ದಳು, ನನ್ನ ಹತ್ತಿರ ಅದು ಇರಲಿಲ್ಲ. ಕೊಟ್ಟೂರಿನಲ್ಲಿ ಭೂಗೋಳ ಮುಚ್ಚಿದೆಯವ್ವ, ಹಡಗಲಿಯಲ್ಲಿದೆ, ಹುಡುಗಿಯರ ಹಾಸ್ಟೆಲ್ ಇದೆ, ಬೇರೆ ಊರುಗಳ ಹೆಸರನ್ನೂ ಬರೆದು ಕೊಡುತ್ತೇನೆ, ನೋಡಿಕೊಂಡು ಬಂದು ಆರಿಸಿಕೋ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಬರೆಯುವಾಗ ಹಡಗಲಿಯನ್ನು ದಪ್ಪ ಅಕ್ಷರದಲ್ಲಿ ಬರೆಯಬಾರದೆಂದು ಬಹಳ ಎಚ್ಚರ ವಹಿಸಿದೆ.

ಗೌರಮ್ಮ ಚೀಟಿ ಓದಿ, "ಹಡಗಲ್ಯಾಗ ಭೂಗೋಳ ಛಲೋ ಕಲಸ್ತಾರೇನ್ರಿ?" ಎಂದಳು.

ಬಾಯಿ ತೆರೆದೆ. ತೆರೆದು ಮುಚ್ಚಿಕೊಂಡೆ. ನಾಗವೇಣಿ ನನ್ನ ಮುಖವನ್ನೇ ನೋಡುತ್ತ, ನಾನು ಮಾತಾಡುವುದಿಲ್ಲ ಎಂದು ಖಾತ್ರಿಯಾಗುವ ತನಕ ಕಾದಳು.

"ಗಡಿಯಾರದ್ದೊಂದು ಬಿಟ್ರ," ಎಂದಳು ತಂಗಿಗೆ, "ಉಳದದ್ದೆಲ್ಲಾ ಛಲೋ ಕಲಸ್ತಾರ."